ಬಲೂನ್ ಬಿದ್ದಾಗ ನಮ್ಮನ್ನು ನೋಡಿ ನಗಬೇಡಿ, ಮೊದಲೇ ಹೇಳಿ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.’ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಚಹಾ ಅಂಗಡಿಗಳಲ್ಲಿ ಆಕಾಶದ ಸುದ್ದಿ ಬಂದಾಗಲೆಲ್ಲ ಯಾರಾದರೂ ಈ ಗಾದೆ ಹೇಳಿಯೇ ಹೇಳುತ್ತಾರೆ. ತೊಗರಿಗೆ ರೇಟಿಲ್ಲ, ವಿಮೆ ಹಣ ಬಂದಿಲ್ಲ, ಸರ್ಕಾರದವರು ಸೂರ್ಯನ ಹಿಂದೆ ಬಿದ್ದಾರೆ ಅಂತ ಸಿಟ್ಟು. ಸಿಟ್ಟು ಸುಳ್ಳಲ್ಲ, ಆದರೆ ಗುರಿ ತಪ್ಪಿದೆ ಎಂದು ನಾವು ಹೇಳುತ್ತೇವೆ.

ಮೇಲಿನ ಆಕಾಶದ ಅಧ್ಯಯನ ನಮಗೆ ಬೇಡದ ಹೂವಲ್ಲ. ಅದರ ಲೆಕ್ಕ ನಮ್ಮ ಹೊಲದ ತನಕ ಬರುತ್ತದೆ. ಲೆಕ್ಕ ಹಾಕುವವರು ಮತ್ತು ನಮ್ಮ ನಡುವೆ ಕುಳಿತವರು ನಮಗೆ ಏನನ್ನೂ ಹೇಳುತ್ತಿಲ್ಲ ಎಂಬುದೇ ನಮ್ಮ ಜಗಳ.

ನಮ್ಮ ತಲೆ ಮೇಲೆ ಹಾಯುವ ಬಲೂನ್

2022ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿ ಮಂಡಲದ ಮೊಗಿಲಿಗುಂಡ್ಲ ಊರಿನ ಹೊಲಕ್ಕೆ ದೊಡ್ಡದೊಂದು ಡಬ್ಬಿ ಬಂದು ಇಳಿಯಿತು. ಸೇಡಂ, ಚಿಂಚೋಳಿಯವರಿಗೆ ವಿಕಾರಾಬಾದ್ ಜಿಲ್ಲೆ ಅಂದರೆ ದೂರವಲ್ಲ, ತಾಂಡೂರು ಸಂತೆಯ ದಾರಿ. ಜನ ಸೇರಿದರು, ಫೋನ್‌ಗಳು ಮೇಲೆದ್ದವು, ಬೇರೆ ಗ್ರಹದವರು ಬಂದರು ಅಂತ ಸುದ್ದಿ ಹಬ್ಬಿತು. ಆಮೇಲೆ ತಿಳಿದದ್ದು: ಅದು ಸ್ಪೇನ್‌ನ ಒಂದು ಕಂಪನಿಯದು. ಮುಂದೆ ಪ್ರವಾಸಿಗಳನ್ನು ಎತ್ತರಕ್ಕೆ ಒಯ್ಯಬೇಕೆಂದಿರುವ ಕೋಶದ ಪರೀಕ್ಷೆ. ಹೈದರಾಬಾದಿನ ಟಿಐಎಫ್‌ಆರ್ ಬಲೂನ್ ಕೇಂದ್ರದಿಂದ ಹಾರಿಸಿದ್ದರು.

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಮತ್ತದೇ ಕಥೆ. ಬೆಳಗಾಗುವುದರೊಳಗೆ ಊರ ನಡುವೆ ಬಲೂನ್ ಬಿದ್ದಿತ್ತು, ಜೊತೆಗೆ ಯಂತ್ರದ ಪೆಟ್ಟಿಗೆ. ಜನ ಗಾಬರಿಯಾದರು, ಪೊಲೀಸರು ಬಂದರು, ಅದೂ ಟಿಐಎಫ್‌ಆರ್‌ನದೇ ಎಂದು ಗೊತ್ತಾಯಿತು. ಶಾಸನ ಬರೆಯುವ ಶಿಲಾಬಾಲಿಕೆಗೆ ಹೆಸರಾದ ಊರು ಜಲಸಂಗಿ. ಅಂಥ ಊರಿನ ಜನರ ಗಾಬರಿಯನ್ನು ತಮಾಷೆಯ ವಿಡಿಯೋ ಮಾಡಿ ಊರೂರಿಗೆ ಹಂಚಿದರು.

ಟಿಐಎಫ್‌ಆರ್ ಅಂದರೆ ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಹೈದರಾಬಾದಿನಲ್ಲಿ ಅದರ ಬಲೂನ್ ಕೇಂದ್ರ ಹತ್ತಾರು ವರ್ಷಗಳಿಂದ ಇದೆ. ಅಲ್ಲಿಂದ ತೆಳು ಪಾಲಿಥಿನ್ ಹಾಳೆಯ ಬಲೂನಿಗೆ ಹೈಡ್ರೋಜನ್ ತುಂಬಿ, ಕೆಳಗೆ ಯಂತ್ರ ಕಟ್ಟಿ, 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಬಿಡುತ್ತಾರೆ. ನಾವು ಕಾಣುವ ವಿಮಾನ ಹಾರುವುದು 10–12 ಕಿಲೋಮೀಟರ್‌ನಲ್ಲಿ, ಅದರ ಮೂರು ಪಟ್ಟು ಮೇಲೆ ಅಂದುಕೊಳ್ಳಿ. ಕೆಲಸ ಮುಗಿದ ಮೇಲೆ ಯಂತ್ರ ಬಣ್ಣದ ಪ್ಯಾರಾಚೂಟ್ ಕಟ್ಟಿಕೊಂಡು ಕೆಳಗಿಳಿಯುತ್ತದೆ. ಎಲ್ಲಿ ಅಂತೀರಾ? ಸಂಸ್ಥೆಯೇ ಹೇಳುವಂತೆ ವಿಶಾಖಪಟ್ಟಣ–ಹೈದರಾಬಾದ್–ಸೋಲಾಪುರ ಗೆರೆಯ ಸುತ್ತಮುತ್ತ. ಆ ಗೆರೆಯ ಪಶ್ಚಿಮದ ಒಂದು ಭಾಗ ಹಾಯುವುದು ನಮ್ಮ ಕಲ್ಯಾಣ ಕರ್ನಾಟಕದ ಹೊಲಗಳ ಮೇಲೆ.

ಸಂಸ್ಥೆಯವರು ಸುಮ್ಮನಿರುವುದಿಲ್ಲ ಎಂಬುದನ್ನೂ ಹೇಳಬೇಕು. ಹಾರಾಟದ ಋತುವಿಗೆ ಮುಂಚೆ ಪತ್ರಿಕೆಗಳಿಗೆ ಪ್ರಕಟಣೆ ಕೊಡುತ್ತಾರೆ. ಸಿಕ್ಕ ಯಂತ್ರ ಮುಟ್ಟಬೇಡಿ, ಕೆಲವದರಲ್ಲಿ ಹೆಚ್ಚು ವೋಲ್ಟೇಜಿನ ಕರೆಂಟ್ ಇರುತ್ತದೆ, ಪೊಲೀಸ್ ಠಾಣೆಗೋ ಅಂಚೆ ಕಚೇರಿಗೋ ತಿಳಿಸಿ, ಕೆಡಿಸದೆ ಕಾಯ್ದವರಿಗೆ ಬಹುಮಾನ ಮತ್ತು ಖರ್ಚು ಕೊಡುತ್ತೇವೆ ಅಂತ ಅದರಲ್ಲಿ ಇರುತ್ತದೆ.

ಹಾಗಾದರೆ ಆ ಪ್ರಕಟಣೆ ಎಲ್ಲಿ ನಿಂತುಬಿಡುತ್ತದೆ? ಜನನ ಪ್ರಮಾಣಪತ್ರದಿಂದ ಹಿಡಿದು ಕರ ಬಾಕಿ ತನಕ ಎಲ್ಲ ಕಾಗದ ಅಂಟುವ ಪಂಚಾಯಿತಿ ಗೋಡೆಯ ಮೇಲೆ ನಾವು ಇದುವರೆಗೆ ಈ ಒಂದು ಕಾಗದ ನೋಡಿಲ್ಲ. ಡಂಗುರ ಕೇಳಿಲ್ಲ. ಕರ ಕಟ್ಟಲು ಡಂಗುರ ಹೊಡೆಸುವ ವ್ಯವಸ್ಥೆಗೆ ಇದಕ್ಕೊಂದು ಡಂಗುರ ಹೊಡೆಸಲು ಏನು ಕಷ್ಟ? ಮೊದಲೇ ತಿಳಿಸದೆ, ಬಿದ್ದ ಮೇಲೆ ‘ಹಳ್ಳಿಯವರು ಏಲಿಯನ್ ಅಂದುಕೊಂಡರು’ ಎಂದು ನಗುವುದು ಯಾವ ನ್ಯಾಯ? ಮುಂಬೈ ಅಥವಾ ಬೆಂಗಳೂರಿನ ಅಪಾರ್ಟ್‌ಮೆಂಟ್ ಮೇಲೆ ಕೆಂಪು ದೀಪ ಮಿನುಗುವ ಪೆಟ್ಟಿಗೆ ರಾತ್ರೋರಾತ್ರಿ ಇಳಿದರೆ ಅಲ್ಲಿಯವರು ಆರತಿ ಎತ್ತುತ್ತಿದ್ದರೇ?

ಅಷ್ಟು ಮೇಲೆ ನೋಡುವುದೇನಿದೆ?

ಇದು ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಭೂಮಿಯ ತುದಿಗೆ ಹೋಗಿ ಬರಬೇಕು.

ಉತ್ತರ ಮತ್ತು ದಕ್ಷಿಣ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಹಸಿರು, ಕೆಂಪು ಬೆಳಕಿನ ಪರದೆಗಳು ತೂಗಾಡುತ್ತವೆ. ಇದು ಧ್ರುವಪ್ರಭೆ, ಇಂಗ್ಲಿಷಿನವರ ಅರೋರಾ. ರೀಲ್ಸ್‌ನಲ್ಲಿ ನೀವೂ ನೋಡಿದ್ದೀರಿ. ರೀಲ್ಸ್‌ನಲ್ಲಿ ಹೆಚ್ಚು ಬಾರದ ಇನ್ನೊಂದು ಬಗೆ ಇದೆ. ಮಧ್ಯರಾತ್ರಿ ಕಳೆದು ಬೆಳಗಿನ ಜಾವದ ಹೊತ್ತಿಗೆ, ಪರದೆಯಾಟ ಮುಗಿದ ಮೇಲೆ, ಆಕಾಶದ ತುಂಬ ಮಸುಕು ಬೆಳಕಿನ ತೇಪೆಗಳು ಬೀಳುತ್ತವೆ. ಒಂದೊಂದು ತೇಪೆಯೂ ಕೆಲವು ಸೆಕೆಂಡಿಗೊಮ್ಮೆ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಕಮ್ಮಾರನ ತಿದಿ ಒತ್ತಿದಂತೆಲ್ಲ ಕೆಂಡ ಕೆಂಪಾಗಿ ಮತ್ತೆ ಮಂಕಾಗುವುದಿಲ್ಲವೇ, ಹಾಗೆ. ಇದಕ್ಕೆ ಮಿಡಿಯುವ ಧ್ರುವಪ್ರಭೆ ಎನ್ನುತ್ತಾರೆ.

ತಿದಿ ಒತ್ತುವವರು ಯಾರು? ಭೂಮಿ ಒಂದು ದೊಡ್ಡ ಅಯಸ್ಕಾಂತ. ಸೂರ್ಯನಿಂದ ಹೊರಟ ಕಣಗಳ ಗಾಳಿ ಬಡಿದಾಗ ಅದರ ಸುತ್ತ ಸಾವಿರಾರು ಕಿಲೋಮೀಟರ್ ದೂರದಲ್ಲಿ ಎಲೆಕ್ಟ್ರಾನ್‌ಗಳು ಸಿಕ್ಕಿಬಿದ್ದು ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತಿರುತ್ತವೆ. ಅಲ್ಲಿ ಒಂದು ಜಾತಿಯ ವಿದ್ಯುತ್‌ಕಾಂತ ಅಲೆಗಳು ಏಳುತ್ತವೆ. ರಿಸೀವರ್‌ನಲ್ಲಿ ಅವನ್ನು ಶಬ್ದವಾಗಿಸಿ ಕೇಳಿದರೆ ಬೆಳಗಿನ ಹಕ್ಕಿಗಳ ಚಿಲಿಪಿಲಿ ಕೇಳಿದ ಹಾಗಿರುತ್ತದೆ. ಅದಕ್ಕೇ ವಿಜ್ಞಾನಿಗಳು ಇಟ್ಟ ಹೆಸರು ಕೋರಸ್ ಅಲೆ. ನಾವು ಸಾಣಿಗೆ ಅಲ್ಲಾಡಿಸಿದಾಗ ಕಾಳು ಕೆಳಗೆ ಬೀಳುವಂತೆ, ಈ ಅಲೆ ಅಲ್ಲಾಡಿಸಿದಾಗ ಒಂದಷ್ಟು ಎಲೆಕ್ಟ್ರಾನ್ ದಾರಿ ತಪ್ಪಿ ನಮ್ಮ ವಾಯುಮಂಡಲಕ್ಕೆ ಸುರಿಯುತ್ತವೆ. ಅಲೆ ನಿಂತರೆ ಸುರಿಯುವುದೂ ನಿಲ್ಲುತ್ತದೆ. ಸುಮಾರು 100 ಕಿಲೋಮೀಟರ್ ಎತ್ತರದ ಗಾಳಿಗೆ ಬಡಿದಾಗ ಬೆಳಕು ಹತ್ತುತ್ತದೆ. ಇದನ್ನು ನೇರವಾಗಿ ತೋರಿಸಿಕೊಟ್ಟದ್ದು ಜಪಾನಿನ ಅರಾಸೆ ಉಪಗ್ರಹ. 2016ರ ಡಿಸೆಂಬರ್‌ನಲ್ಲಿ ಹಾರಿತು, 2018ರಲ್ಲಿ ಫಲಿತಾಂಶ ಪ್ರಕಟವಾಯಿತು. 2022ರ ಮಾರ್ಚ್‌ನಲ್ಲಿ ನಾಸಾದವರು ಅಲಾಸ್ಕಾದಿಂದ ಈ ಮಿಡಿತದ ಒಳಗೇ ರಾಕೆಟ್ ನುಗ್ಗಿಸಿದರು.

ಬೆಳಕಷ್ಟೇ ಆಗಿದ್ದರೆ ನಾವೂ ‘ಚಂದ ಐತಿ’ ಅಂತ ಬಿಡುತ್ತಿದ್ದೆವು. ಆದರೆ ಹೆಚ್ಚು ವೇಗದ ಎಲೆಕ್ಟ್ರಾನ್‌ಗಳು ಅಲ್ಲಿಗೇ ನಿಲ್ಲುವುದಿಲ್ಲ. 60–80 ಕಿಲೋಮೀಟರ್ ತನಕ ಇಳಿಯುತ್ತವೆ. ಅಲ್ಲಿನ ಗಾಳಿಯ ಅಣು ಒಡೆದು, ಓಝೋನ್ ತಿನ್ನುವ ರಾಸಾಯನಿಕ ಹುಟ್ಟಿಸುತ್ತವೆ. ನಗೋಯಾ ವಿಶ್ವವಿದ್ಯಾಲಯದ ಮಿಯೋಶಿ ಮತ್ತು ಜೊತೆಗಾರರು 2021ರಲ್ಲಿ ಹೇಳಿದ್ದು: ಇಂಥ ಮಿಡಿತದ ಹೊತ್ತಿನಲ್ಲಿ ಆ ಎತ್ತರದ ಓಝೋನ್ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕರಗಬಹುದು.

ಇದನ್ನು ಓದಿ ಗಾಬರಿ ಬೀಳಬೇಡಿ, ‘ಓಝೋನ್ ತೂತಾಯಿತು’ ಅಂತ ಫಾರ್ವರ್ಡ್ ಮಾಡಲೂಬೇಡಿ. ಬಿಸಿಲಿನ ಕೆಟ್ಟ ಕಿರಣ ತಡೆಯುವ ಓಝೋನಿನ ದಪ್ಪ ಪದರ ಇರುವುದು ಇದಕ್ಕಿಂತ ಬಹಳ ಕೆಳಗೆ, 15–35 ಕಿಲೋಮೀಟರ್ ಆಸುಪಾಸಿನಲ್ಲಿ. ಆದರೂ ಮೇಲಿನ ಗಾಳಿ ಹೇಗೆ ಕೆಡುತ್ತದೆ, ಹೇಗೆ ಸುಧಾರಿಸುತ್ತದೆ ಎಂಬ ಲೆಕ್ಕದಲ್ಲಿ ಇದನ್ನೂ ಹಿಡಿಯಬೇಕು. ಆ ಲೆಕ್ಕಕ್ಕೆ ಬಲೂನೂ ಬೇಕು. ಮೇಲಿಂದ ಬೀಳುವ ಎಲೆಕ್ಟ್ರಾನ್ ಗಾಳಿಗೆ ಬಡಿದಾಗ ಎಕ್ಸ್‌ರೇ ಹುಟ್ಟುತ್ತದೆ. ಆ ಎಕ್ಸ್‌ರೇ ನೆಲದ ತನಕ ಬರುವುದಿಲ್ಲ, 30–40 ಕಿಲೋಮೀಟರ್ ಎತ್ತರದಲ್ಲಿ ಸಿಗುತ್ತದೆ. 2013 ಮತ್ತು 2014ರಲ್ಲಿ ಅಂಟಾರ್ಟಿಕದಿಂದ ನಾಸಾದವರು ಇದಕ್ಕಾಗಿಯೇ ಬಲೂನ್ ಹಿಂಡನ್ನು ಬಿಟ್ಟರು. ನಮ್ಮ ಹೊಲದ ಮೇಲೆ ಹಾಯುವ ಬಲೂನ್ ಬೇರೆ ಕೆಲಸಕ್ಕೆ ಹೋಗುತ್ತದೆ, ಆದರೆ ಹತ್ತುವ ಎತ್ತರ ಸುಮಾರು ಅದೇ.

‘ಧ್ರುವದ ಮಾತು ಸೇಡಂಗೆ ಯಾಕ್ರಿ?’

ಮೊದಲು ರೇಡಿಯೋ ತೆಗೆದುಕೊಳ್ಳಿ. ಹಗಲು ಹೊತ್ತು ಮೀಡಿಯಂ ವೇವ್‌ನಲ್ಲಿ ಕಲಬುರಗಿ ಆಕಾಶವಾಣಿ ಕೇಳುತ್ತದೆ, ದೂರದ ಸ್ಟೇಷನ್ ಕೇಳುವುದಿಲ್ಲ. ರಾತ್ರಿಯಾದರೆ ಎಲ್ಲೆಲ್ಲಿಯವೋ ಭಾಷೆಗಳು ನುಗ್ಗುತ್ತವೆ. ಮನೆಯ ಹಿರಿಯರನ್ನು ಕೇಳಿ, ಅವರಿಗೆ ಗೊತ್ತು. ಕಾರಣ ಇಷ್ಟೇ: 60–90 ಕಿಲೋಮೀಟರ್ ಎತ್ತರದಲ್ಲಿ ಬಿಸಿಲಿನಿಂದ ಹುಟ್ಟುವ ವಿದ್ಯುತ್ ಪದರ ಹಗಲು ರೇಡಿಯೋ ಅಲೆ ಹೀರಿಕೊಳ್ಳುತ್ತದೆ. ರಾತ್ರಿ ಅದು ಕರಗುತ್ತದೆ, ಅಲೆ ಇನ್ನೂ ಮೇಲಿನ ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಮಿಡಿಯುವ ಧ್ರುವಪ್ರಭೆಯ ಎಲೆಕ್ಟ್ರಾನ್ ಇಳಿಯುವುದೂ ಇದೇ ಎತ್ತರಕ್ಕೆ. ಅಂದರೆ ಧ್ರುವದಲ್ಲಿ ರಾತ್ರಿಯೂ ಈ ಹೀರುವ ಪದರ ಎದ್ದು ಕೂಡುತ್ತದೆ, ಅಲ್ಲಿ ಹಾರುವ ವಿಮಾನದ ರೇಡಿಯೋ ಮಂಕಾಗುತ್ತದೆ.

ಇನ್ನು ನಿಮ್ಮ ಕೈಯಲ್ಲಿರುವ ಫೋನ್. ಬೆಳೆ ಸಮೀಕ್ಷೆ ಆಪ್, ದಿಶಾಂಕ್, ಕೂಲಿ ಹಾಜರಿಯ ಫೋಟೊ, ಸ್ವಾಮಿತ್ವದ ಡ್ರೋನ್ ಅಳತೆ, ಎಲ್ಲಕ್ಕೂ ಉಪಗ್ರಹದ ಸಂಕೇತವೇ ಆಧಾರ. ಆ ಸಂಕೇತ ನೆಲಕ್ಕೆ ಬರುವ ದಾರಿಯಲ್ಲಿ ವಿದ್ಯುತ್ ತುಂಬಿದ ಪದರಗಳನ್ನು ದಾಟಬೇಕು. ಈ ಪದರಗಳ ಒಟ್ಟು ಹೆಸರು ಅಯಾನುಗೋಳ. ಅಲ್ಲಿ ಸಂಕೇತ ತುಸು ತಡವಾಗುತ್ತದೆ. ತಡವಾದಷ್ಟೂ ನಿಮ್ಮ ಹೊಲ ಫೋನಿನ ನಕ್ಷೆಯಲ್ಲಿ ಸರಿಯುತ್ತದೆ.

ನಮ್ಮ ದೇಶಕ್ಕೆ ಈ ಕಾಟ ಹೆಚ್ಚು. ಭೂಮಿಯ ಕಾಂತ ಸಮಭಾಜಕ ತಮಿಳುನಾಡಿನ ತುದಿಯ ಹತ್ತಿರ ಹಾಯುತ್ತದೆ. ಅಲ್ಲಿಂದ ಮೇಲೆದ್ದ ವಿದ್ಯುತ್ ಕಣಗಳು ಕಾರಂಜಿಯ ನೀರಿನಂತೆ ಎರಡೂ ಕಡೆ ಚೆಲ್ಲಿ ಉತ್ತರದಲ್ಲಿ ಗುಜರಾತ್, ಮಧ್ಯಪ್ರದೇಶದ ಮೇಲೆ ದಟ್ಟವಾಗುತ್ತವೆ. ನಮ್ಮ ಜಿಲ್ಲೆ ಇವೆರಡರ ನಡುವೆ. ಮಧ್ಯಾಹ್ನ ಪದರ ದಪ್ಪವಾಗುತ್ತದೆ. ಸೂರ್ಯ ಜೋರಾಗಿರುವ ವರ್ಷಗಳಲ್ಲಿ ಸಂಜೆಯಾದ ಮೇಲೆ ಅದರಲ್ಲಿ ಗುಳ್ಳೆಗಳೆದ್ದು ಸಂಕೇತ ಮಿಣುಕುತ್ತದೆ. ಅದಕ್ಕೇ ವಿಮಾನಗಳಿಗೆ ದಾರಿ ತೋರುವ ಗಗನ್ ವ್ಯವಸ್ಥೆ ಕಟ್ಟುವಾಗ ಇಸ್ರೋದವರು ಪರದೇಶದ ಸೂತ್ರ ತಂದು ಅಂಟಿಸಲು ಆಗಲಿಲ್ಲ. ನಮ್ಮ ಆಕಾಶಕ್ಕೆ ಹೊಂದುವ ಲೆಕ್ಕವನ್ನೇ ಹೊಸದಾಗಿ ಮಾಡಬೇಕಾಯಿತು. ಮೇಲಿನ ಗಾಳಿ ಅಳೆಯದಿದ್ದರೆ ಆ ಲೆಕ್ಕ ಎಲ್ಲಿಂದ ಬರುತ್ತಿತ್ತು?

2024ರ ಮೇ 10ರಂದು ಸೂರ್ಯನಿಂದ ದೊಡ್ಡ ಬಿರುಗಾಳಿ ಬಂತು. ಆ ದರ್ಜೆಯದು 2003ರ ನಂತರ ಅದೇ ಮೊದಲು. ಲಡಾಖ್‌ನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಿಗೆ ಆಕಾಶದಂಚಿನ ಕೆಂಪು ಪ್ರಭೆ ಸಿಕ್ಕಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮೆಕ್ಕೆಜೋಳದ ಬಿತ್ತನೆ. ಜಿಪಿಎಸ್ ನೋಡಿ ಸಾಲು ಹೊಡೆಯುವ ಟ್ರ್ಯಾಕ್ಟರ್‌ಗಳು ದಾರಿ ತಪ್ಪಿ, ಅನೇಕ ರೈತರು ಬಿತ್ತನೆ ನಿಲ್ಲಿಸಿ ಕುಳಿತರು. ಅದಕ್ಕೂ ಮೊದಲು, 2022ರ ಫೆಬ್ರವರಿಯಲ್ಲಿ, ಸಣ್ಣದೊಂದು ಸೌರ ಬಿರುಗಾಳಿಗೆ ಮೇಲಿನ ಗಾಳಿ ಬಿಸಿಯಾಗಿ ಉಬ್ಬಿದ್ದರಿಂದ ಆಗತಾನೆ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಬಿದ್ದು ಸುಟ್ಟವು. ಮೇಲಿನ ಆಕಾಶದ ಸುದ್ದಿ ರೈತನಿಗೆ ಬೇಡ ಎನ್ನುವವರು ಆ ಟ್ರ್ಯಾಕ್ಟರ್‌ಗಳನ್ನು ನೆನೆಯಲಿ. ಡ್ರೋನ್ ಸಿಂಪಡಣೆ ನಮ್ಮ ತೊಗರಿ ಹೊಲಕ್ಕೂ ಬಂದಿದೆ.

ಖರ್ಚಿನ ಮಾತಿಗೆ ಬರೋಣ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ–ಎಲ್1, ಸೂರ್ಯನನ್ನು ಕಾಯುತ್ತ ಕುಳಿತಿರುವ ನಮ್ಮ ನೌಕೆ. ಉಡಾವಣೆ ಖರ್ಚು ಬಿಟ್ಟು ಅದಕ್ಕೆ ಮಂಜೂರಾದದ್ದು ಸುಮಾರು 380 ಕೋಟಿ. 140 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಮೂರು ರೂಪಾಯಿಯೂ ಬೀಳುವುದಿಲ್ಲ. ತೊಗರಿ ವಿಮೆ ನಿಂತದ್ದು ಈ ಮೂರು ರೂಪಾಯಿಯಿಂದಲ್ಲ. ಗಾದೆ ಹೇಳುವ ಮೊದಲು ಹಿಟ್ಟು ಎಲ್ಲಿ ಸೋರಿತು ಎಂದು ಹುಡುಕಬೇಕು.

ಸೂರ್ಯನ ಮೇಲೆ ಹಾಕಬೇಡಿ

ಇಲ್ಲಿ ಇನ್ನೊಂದು ಕಡೆಯವರಿಗೂ ಒಂದು ಮಾತು. ನಾವು ಇಷ್ಟೆಲ್ಲ ಬರೆದದ್ದನ್ನು ಹಿಡಿದು ನಾಳೆ ಯಾರಾದರೂ ‘ನಿಮ್ಮ ಹೊಲ ಆಪ್‌ನಲ್ಲಿ ತಪ್ಪು ತೋರಿಸಿದ್ದು ಅಯಾನುಗೋಳದ ದೋಷ’ ಎಂದರೆ ಒಪ್ಪಬೇಡಿ. ಪದರದ ದೋಷ ಇರುತ್ತದೆ. ಅದರ ಜೊತೆ ಅಗ್ಗದ ಫೋನಿನ ದೋಷ, ಹಳೆ ನಕ್ಷೆಯ ದೋಷ, ಹೊಲಕ್ಕೆ ಬಾರದೆ ರಸ್ತೆಯಲ್ಲೇ ಫೋಟೊ ಹೊಡೆದವರ ದೋಷವೂ ಇರುತ್ತವೆ. ತೊಗರಿ ಬಿತ್ತಿದ ಹೊಲ ದಾಖಲೆಯಲ್ಲಿ ಬೇರೆ ಬೆಳೆಯಾದರೆ ವಿಮೆ ಅರ್ಜಿ ಅಲ್ಲಿಗೇ ಬಿತ್ತು. ನಾಲ್ಕೈದು ಮೀಟರ್ ಆಚೀಚೆ ಆಗುವ ಯಂತ್ರದ ಮಾತಿಗೆ ಪಂಚನಾಮೆಗಿಂತ ಹೆಚ್ಚು ಬೆಲೆ ಕೊಡುವುದು ವಿಜ್ಞಾನವಲ್ಲ. ಪ್ರತಿ ಅಳತೆಗೂ ಎಷ್ಟು ತಪ್ಪಬಹುದು ಎಂಬ ಅಂದಾಜು ಜೋಡಿಸುವುದು ವಿಜ್ಞಾನದ ಮೊದಲ ಪಾಠ. ಆ ಅಂದಾಜನ್ನು ಆಪ್‌ನಲ್ಲಿ ಕನ್ನಡದಲ್ಲಿ ತೋರಿಸಿ, ರೈತನಿಗೆ ಆಕ್ಷೇಪಣೆಯ ದಾರಿ ತೆರೆದಿಡಿ.

ವಾಟ್ಸ್ಆ್ಯಪ್ ಪಂಡಿತರಿಗೂ ಒಂದು ಮಾತು. ‘ಇಂದು ರಾತ್ರಿ 12.30ರಿಂದ 3.30ರ ತನಕ ಕಾಸ್ಮಿಕ್ ಕಿರಣ ಭೂಮಿ ಹತ್ತಿರ ಹಾಯುತ್ತವೆ, ಮೊಬೈಲ್ ಬಂದ್ ಮಾಡಿ ದೂರ ಇಡಿ’ ಎಂಬ ಸಂದೇಶ ವರ್ಷಕ್ಕೆ ನಾಲ್ಕು ಸಲ ಬರುತ್ತದೆ. ತಾರೀಖೂ ಇರುವುದಿಲ್ಲ, ಅದಕ್ಕೇ ಅದು ಎಂದೂ ಹಳಸುವುದಿಲ್ಲ. ಕಾಸ್ಮಿಕ್ ಕಿರಣ ಹುಟ್ಟಿಸುವ ಕಣಗಳು ಹಗಲೂ ರಾತ್ರಿ ಎಲ್ಲರ ಮೈಯಲ್ಲಿ ಹಾಯುತ್ತಲೇ ಇವೆ, ನೀವು ಇದನ್ನು ಓದುವಾಗಲೂ. ಭಾಭಾ ಮತ್ತು ವಿಕ್ರಮ್ ಸಾರಾಭಾಯಿ 1940ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಕುಳಿತು ಅಧ್ಯಯನ ಮಾಡಿದ್ದು ಇವನ್ನೇ. ನಮ್ಮ ದೇಶದ ಬಾಹ್ಯಾಕಾಶ ವಿಜ್ಞಾನ ಚಿಗುರಿದ್ದು ಕನ್ನಡದ ನೆಲದಲ್ಲಿ ನಡೆದ ಆ ಕೆಲಸದಿಂದ. ಅದೇ ಹೆಸರಲ್ಲಿ ಕನ್ನಡದಲ್ಲೇ ಭಯ ಮಾರುವುದು ನಾಚಿಕೆಯ ಕೆಲಸ.

ಇನ್ನು, ‘ಇದೆಲ್ಲ ದೊಡ್ಡ ಊರಿನವರ ವಿದ್ಯೆ’ ಎನ್ನುವವರು ಒಮ್ಮೆ ಮಳಖೇಡಕ್ಕೆ ಹೋಗಿ ಬರಲಿ. ಸೇಡಂ ತಾಲ್ಲೂಕಿನ ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಲೆಕ್ಕದ ವಿದ್ಯೆ ನಮ್ಮ ಕಡೆಗೆ ಹೊಸದಲ್ಲ.

ನಾವು ಕೇಳುವುದು

ಒಂದು, ಪ್ರತಿ ಬಲೂನ್ ಋತುವಿಗೆ ಮುಂಚೆ ಕನ್ನಡದ ಪ್ರಕಟಣೆ ಪ್ರತಿ ಗ್ರಾಮ ಪಂಚಾಯಿತಿ ಗೋಡೆ, ಶಾಲೆ, ಠಾಣೆಯಲ್ಲಿ ಅಂಟಬೇಕು. ಡಂಗುರ ಹೊಡೆಸಬೇಕು. ಜಿಲ್ಲಾ ಕಚೇರಿಯ ಫೈಲಿನಲ್ಲಿ ಮಲಗಿದರೆ ಪ್ರಕಟಣೆ ಎನ್ನಲಾಗದು.

ಎರಡು, ಯಂತ್ರ ಬಿದ್ದ ಊರಿನ ಮಕ್ಕಳಿಗೆ ಅದನ್ನು ಒಯ್ಯುವ ಮೊದಲು ಅರ್ಧ ಗಂಟೆ ತೋರಿಸಿ, ಏನು ಅಳೆಯಿತು ಎಂದು ಹೇಳಬೇಕು. ಆರು ತಿಂಗಳಲ್ಲಿ ಅದರಿಂದ ಏನು ತಿಳಿಯಿತು ಎಂದು ಒಂದು ಪುಟ ಕನ್ನಡದಲ್ಲಿ ಆ ಶಾಲೆಗೆ ಬರಬೇಕು. ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಹೇಳಿಕೊಡುವವರಿಗೆ ಕೊರತೆಯಿಲ್ಲ.

ಮೂರು, ಬೆಳೆ ತುಳಿದು ಹಾಳಾದರೆ ಹೊಲದವರಿಗೆ ತಡಮಾಡದೆ ಪರಿಹಾರ ಬೇಕು. ಯಂತ್ರಕ್ಕಿಂತ ಹೆಚ್ಚು ನಷ್ಟ ಮಾಡುವುದು ನೋಡಲು ಬರುವ ಜನ.

ನಾಲ್ಕು, ಮೇಲಿನ ಗಾಳಿಯ ಜೊತೆ ಕೆಳಗಿನ ಗಾಳಿಯ ಲೆಕ್ಕವೂ ಬೇಕು. ಎರಡೂ ಬೇರೆಯಲ್ಲ. ಹೈದರಾಬಾದಿನಿಂದಲೇ ನಾಸಾ ಮತ್ತು ಇಸ್ರೋ ಸೇರಿ ಬಿಟ್ಟ ಬಲೂನ್‌ಗಳು ಅಳೆದದ್ದು ಮಳೆಗಾಲದಲ್ಲಿ ಹದಿನೈದು ಕಿಲೋಮೀಟರ್‌ಗಿಂತ ಮೇಲೆ ಸೇರುವ ಸೂಕ್ಷ್ಮ ಕಣಗಳ ಪದರವನ್ನು. ಅಷ್ಟು ಮೇಲಿನ ಕಣ ಎಣಿಸಬಲ್ಲ ದೇಶಕ್ಕೆ ಪರ್ಸಿ ಕಲ್ಲಿನ ಗಣಿ ಮತ್ತು ಸಿಮೆಂಟಿನ ಸೀಮೆಯಲ್ಲಿ ನಮ್ಮ ಮೂಗಿಗೆ ಬರುವ ಕಣ ಎಣಿಸಿ ಹೇಳುವುದು ಕಷ್ಟವೇ? ಸಿಮೆಂಟ್ ಕಾರ್ಖಾನೆಗಳ ಚಿಮಣಿಗೆ ಆನ್‌ಲೈನ್ ಅಳತೆ ಯಂತ್ರ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ಹೇಳಿದೆ. ಆ ಅಂಕಿ ವಾಡಿ, ಶಹಾಬಾದ್, ಸೇಡಂ ಬಸ್ ನಿಲ್ದಾಣದ ಬೋರ್ಡಿನಲ್ಲಿ ದಿನವೂ ಕನ್ನಡದಲ್ಲಿ ಕಾಣಲಿ.

ಓದುಗರಿಗೂ ಒಂದು ಕೆಲಸ. ಹೊಲದಲ್ಲಿ ಬಣ್ಣದ ಪ್ಯಾರಾಚೂಟ್, ಬಿಳಿ ಹಾಳೆಯ ರಾಶಿ, ಪೆಟ್ಟಿಗೆ ಕಂಡರೆ ಹತ್ತಿರ ಬೀಡಿ ಹಚ್ಚಬೇಡಿ, ಮುಟ್ಟಬೇಡಿ, ವೈರ್ ಕೀಳಬೇಡಿ. ಮಕ್ಕಳನ್ನೂ ದನಗಳನ್ನೂ ದೂರ ಇಡಿ. 112ಕ್ಕೆ ಫೋನ್ ಮಾಡಿ. ಪೆಟ್ಟಿಗೆ ಮೇಲೆ ಬರೆದ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ, ಬಹುಮಾನ ಕೇಳುವಾಗ ಬೇಕಾಗುತ್ತದೆ. ಒಯ್ಯಲು ಬಂದವರನ್ನು ಮರ್ಯಾದೆಯಿಂದ ಕೂಡಿಸಿ, ನೀರು ಚಹಾ ಕೊಟ್ಟು, ‘ಮ್ಯಾಲ ಏನ್ ನೋಡಿ ಬಂತ್ರಿ ಇದು?’ ಅಂತ ಕೇಳಿ. ಉತ್ತರ ಬರುವ ತನಕ ಬಿಡಬೇಡಿ.